ನದಿಯಷ್ಟೂ ನಮ್ಮದು

ಆಕ್ರನ್ನಿನ ಬಾಡಿಗೆ ಮನೆಗೆ ಬಂದು ಎರಡು ವರ್ಷವಾಗಿದ್ದರೂ ಡ್ರೀಮಾ ಟೆನಿ ತನ್ನ ಟ್ರಂಕನ್ನು ಪೂರ್ತಿ ಬಿಚ್ಚಿರಲಿಲ್ಲ. ಬೇಕಾದ ಬಟ್ಟೆಯನ್ನು ಮೇಲಿನಿಂದ ಎಳೆದುಕೊಳ್ಳುವುದು, ಒಗೆದು ಒಣಗಿದ ಮೇಲೆ ಮತ್ತೆ ಅದರೊಳಕ್ಕೇ ಮಡಿಸಿಡುವುದು. ಗಂಡ ಡೆಲ್ಮರ್ ಬೇಸತ್ತು ಒಂದು ಹಳೆಯ ಬೀರು ಕೊಂಡುತಂದು ಗೋಡೆಗೆ ನಿಲ್ಲಿಸಿದ. ಅವಳು ಅದರಲ್ಲಿ ಆಲೂಗಡ್ಡೆ ತುಂಬಿಟ್ಟಳು.

"ಇದೇನು ಮನೇನೋ ಬಸ್‌ಸ್ಟ್ಯಾಂಡೋ?" ಎಂದ ಅವನು.

"ಬಸ್‌ಸ್ಟ್ಯಾಂಡ್‌ನಲ್ಲಾದ್ರೂ ಬಸ್ಸು ಎಷ್ಟೊತ್ತಿಗೆ ಅಂತ ಬರ್ದಿರ್ತಾರೆ," ಎಂದಳು ಅವಳು.

ಕೂತಲ್ಲಿ ಕೂರುವ ಜೀವವೇ ಅಲ್ಲ ಅದು. ಒಲೆ ಆರಿಸಿದೆನೋ ಇಲ್ಲವೋ ಎಂದು ಮೆಟ್ಟಿಲಿಳಿದವಳು ಮತ್ತೆ ಹತ್ತುವಳು. ಕಿಟಕಿ ತೆಗೆದರೆ ರಬ್ಬರು ಬೇಯುವ ವಾಸನೆ, ಮುಚ್ಚಿದರೆ ಉಸಿರು ಕಟ್ಟುವ ಭಯ. ಹೀಗೆ ತೆಗೆದು ಮುಚ್ಚಿ, ತೆಗೆದು ಮುಚ್ಚಿ, ಕಿಟಕಿಯ ಕೊಂಡಿಯೇ ಸಡಿಲವಾಗಿತ್ತು.

ಡೆಲ್ಮರ್ ಹುಟ್ಟಾ ಗಣಿಯವನು. ವೆಸ್ಟ್ ವರ್ಜೀನಿಯಾದ ಲಾರೆಲ್ ಕೊಳ್ಳದಲ್ಲಿ ಅವನ ಅಪ್ಪ, ಅವನ ಅಜ್ಜ ಎಲ್ಲ ಕಲ್ಲಿದ್ದಲು ಕೆತ್ತಿದವರೇ. ಒಂದು ಪಾಳಿಯ ಜನರ ಕೆಲಸವನ್ನು ತಾನೊಂದೇ ಮಾಡುವ ಯಂತ್ರ ಗಣಿಯೊಳಕ್ಕೆ ಇಳಿದ ವರ್ಷ ಕೊಳ್ಳದ ಅರ್ಧ ಮನೆಗಳಿಗೆ ಬೀಗ ಬಿತ್ತು. ಗಂಡಸರೆಲ್ಲ ನದಿ ದಾಟಿ ಒಹಾಯೊ ರಾಜ್ಯದ ಆಕ್ರನ್ನಿಗೆ, ಟೈರು ಮಾಡುವ ಫ್ಯಾಕ್ಟರಿಗೆ ಹೋದರು. ವೆಸ್ಟ್ ವರ್ಜೀನಿಯಾದ ಅತಿ ದೊಡ್ಡ ಊರು ಯಾವುದು ಎಂದರೆ ಆಕ್ರನ್ ಎಂದು ನಗುವುದು ಆಗ ಎಲ್ಲರ ಬಾಯಲ್ಲೂ ಇದ್ದ ಮಾತು. ಶುಕ್ರವಾರ ಪಾಳಿ ಮುಗಿದದ್ದೇ ತಡ, ದಕ್ಷಿಣದ ರಸ್ತೆಯಲ್ಲಿ ಕಾರುಗಳ ಸಾಲು. ಹೆಂಡತಿ ಮಕ್ಕಳು, ಒಗೆಯದ ಬಟ್ಟೆ, ನಾಯಿ, ಎಲ್ಲವನ್ನೂ ತುಂಬಿಕೊಂಡು ಊರಿಗೆ. ಭಾನುವಾರ ಸಂಜೆ ಅದೇ ಸಾಲು ತಿರುಗಿ, ಈ ಸಲ ಯಾರ ಕಾರಿನಲ್ಲೂ ಮಾತಿಲ್ಲ.

ಫ್ಯಾಕ್ಟರಿಯವರ ಹೆಂಡಂದಿರು ಅಂಗಡಿಯಲ್ಲಿ ಸಿಕ್ಕರೆ ಎಲ್ಲಿಯವಳೆಂದು ಕೇಳುತ್ತಿದ್ದರು. ವೆಸ್ಟ್ ವರ್ಜೀನಿಯಾ ಎಂದರೆ ಸಾಕು, "ಅಯ್ಯೋ, ಹೌದಾ! ನಮ್ಮ ಚಿಕ್ಕಮ್ಮಾನೂ ರಿಚ್ಮಂಡ್‌ನಲ್ಲೇ ಇರೋದು!" ರಿಚ್ಮಂಡು ಇರುವುದು ವರ್ಜೀನಿಯಾದಲ್ಲಿ. ಆ ವರ್ಜೀನಿಯಾದ ಜೊತೆ ಉತ್ತರ-ದಕ್ಷಿಣದವರ ದೊಡ್ಡ ಯುದ್ಧದ ನಡುವೆಯೇ ಜಗಳವಾಡಿ, ಪಾಲು ತೆಗೆದುಕೊಂಡು, ಬೇರೆ ಒಲೆ ಹೂಡಿದವರು ತಮ್ಮವರು. ನೂರು ವರ್ಷವಾಗುತ್ತ ಬಂದರೂ ಲೋಕಕ್ಕೆ ಸುದ್ದಿ ಮುಟ್ಟಿಲ್ಲವೆಂದರೆ! ಡ್ರೀಮಾ ಮೊದಮೊದಲು ಬಿಡಿಸಿ ಹೇಳುತ್ತಿದ್ದಳು. ಆಮೇಲೆ, "ನಿಮ್ಮ ಚಿಕ್ಕಮ್ಮ ಒಬ್ಬರನ್ನ ಬಿಟ್ಟು ಮಿಕ್ಕೋರೆಲ್ಲ ನಂಗೆ ಗೊತ್ತು," ಎಂದು ಬುಟ್ಟಿ ಎತ್ತಿಕೊಂಡು ಹೊರಡುವುದನ್ನು ಕಲಿತಳು.

ಹೀಗಿದ್ದವಳಿಗೆ ದಿನ ತುಂಬತೊಡಗಿತು.

ಚೊಚ್ಚಲು. ಆಸ್ಪತ್ರೆ ಎರಡೇ ಬೀದಿ ಆಚೆ. ಅಲ್ಲಿನ ಡಾಕ್ಟರು ಒಳ್ಳೆಯವನೇ, ತಣ್ಣನೆಯ ಕೈಯನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡು ಮುಟ್ಟುವಷ್ಟು ನಯಸ್ಥ. ಇನ್ನು ದೂರ ಪ್ರಯಾಣ ಮಾಡಬಾರದು ಎಂದು ಅವನು ಹೇಳಿದ. ಡ್ರೀಮಾ ತಲೆಯಾಡಿಸಿ ಮನೆಗೆ ಬಂದು ಗಂಡನಿಗೆ ಹೇಳಿದಳು:

"ಮಗು ಊರಲ್ಲೇ ಹುಟ್ಬೇಕು. ಐಸಿ ಅಜ್ಜಿ ಕೈಲಿ."

"ಡಾಕ್ಟ್ರು ಏನಂದ್ರು?"

"ಅವ್ರು ಒಹಾಯೊದವ್ರು. ಏನಂತಾರೆ ಮತ್ತೆ?"

ಐಸಿ ಅಜ್ಜಿ ಡ್ರೀಮಾಳ ಅಪ್ಪನ ತಾಯಿ. ಕೊಳ್ಳದ ಸೂಲಗಿತ್ತಿ. ಕಂಪನಿಯ ಡಾಕ್ಟರು ಬರುವ ಮೊದಲೂ ಬಂದು ಹೋದ ಮೇಲೂ ಅಲ್ಲಿನ ಕೂಸುಗಳೆಲ್ಲ ಕಣ್ಣುಬಿಟ್ಟಿದ್ದು ಅವಳ ಅಂಗೈಯಲ್ಲೇ. ಹುಟ್ಟಿದ ಪ್ರತಿ ಮಗುವಿನ ಮಾಸನ್ನು ತನ್ನ ಮನೆಯ ಹಿಂದಿನ ಇಳುಕಲಿನಲ್ಲಿ ಹೂತು, ಮೇಲೊಂದು ಚಪ್ಪಟೆ ಕಲ್ಲು ಇಡುವಳು. ಡ್ರೀಮಾಳ ಕಲ್ಲು ಅಲ್ಲಿದೆ. ಅವಳ ಅಪ್ಪ ಓಕಿಯ ಕಲ್ಲೂ ಅಲ್ಲಿದೆ. ಓಕಿಗೆ ಇರುವುದು ಅದೊಂದೇ ಕಲ್ಲು. ಡ್ರೀಮಾ ಇನ್ನೂ ಹಲ್ಲು ಬೀಳುವ ವಯಸ್ಸಿನಲ್ಲಿದ್ದಾಗ ಗಣಿಯೊಳಗೆ ಬೆಂಕಿ ಹತ್ತಿತು, ಆರಲಿಲ್ಲ, ಗಾಳಿ ಹೋಗದಂತೆ ಸುರಂಗದ ಬಾಯಿಗೆ ಇಟ್ಟಿಗೆ ಕಟ್ಟಿದರು. ಒಳಗಿದ್ದವರು ಒಳಗೇ ಉಳಿದರು. ತಾಯಿ ಬೇರೆ ಮದುವೆಯಾಗಿ ಹೋದಳು. ಅಜ್ಜಿ ಮೊಮ್ಮಗಳನ್ನು ಬೀನ್ಸು, ಮೆಕ್ಕೆಜೋಳದ ರೊಟ್ಟಿ ತಿನ್ನಿಸಿ ದೊಡ್ಡದು ಮಾಡಿದಳು.

ಆ ಬೆಟ್ಟದೊಳಗೆ ಅಪ್ಪ ಇದ್ದಾನೆ. ಮಗುವಿನ ಕಲ್ಲೂ ಆ ಬೆಟ್ಟದ ಮೇಲೇ ಇರಬೇಕು. ಇಷ್ಟನ್ನು ಡ್ರೀಮಾ ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ. ಡೆಲ್ಮರನಿಗೂ ಇಲ್ಲ. ಹೇಳಿದರೆ ಅವನು ಸಮಾಧಾನ ಮಾಡಲು ಶುರುಮಾಡುತ್ತಾನೆ, ಸಮಾಧಾನ ಅವಳಿಗೆ ಬೇಕಿರಲಿಲ್ಲ.

ಐಸಿ ಅಜ್ಜಿಯನ್ನೇ ಆಕ್ರನ್ನಿಗೆ ಕರೆತರಬಹುದಿತ್ತಲ್ಲ ಎಂದರೆ, ಅದು ಆಗದ ಮಾತು. ಅವಳ ಇನ್ನಿಬ್ಬರು ಗಂಡುಮಕ್ಕಳು ಕೆಲಸ ಹುಡುಕಿಕೊಂಡು ನದಿ ದಾಟಿದವರು ಅಲ್ಲಿಯೇ ಮದುವೆಯಾಗಿ, ಅಲ್ಲಿಯೇ ಮನೆ ಮಾಡಿ, ಕ್ರಿಸ್‌ಮಸ್ಸಿಗೆ ಒಂದು ಕಾರ್ಡು ಹಾಕುವ ನೆಂಟರಾಗಿದ್ದರು. "ಬೆಟ್ಟ ನನ್ ಮಗನೊಬ್ಬನ್ನ ನುಂಗ್ತು. ಆ ದಡ ಇಬ್ಬರನ್ನ ನುಂಗ್ತು. ಬೆಟ್ಟಾನೇ ವಾಸಿ," ಎನ್ನುತ್ತಿದ್ದಳು. ಒಹಾಯೊ ನೆಲಕ್ಕೆ ಕಾಲಿಡುವುದಿಲ್ಲ ಎಂದು ಅವಳು ಆಡಿದ ಮಾತು ಕೊಳ್ಳದಲ್ಲಿ ಪಾದ್ರಿಯ ಮಾತಿಗಿಂತ ಗಟ್ಟಿ.

ಎಂಟು ತಿಂಗಳು ತುಂಬಿದ ಮೇಲೆ ಡ್ರೀಮಾಳಿಗೆ ಪ್ರತಿ ಶುಕ್ರವಾರವೂ ಬೇನೆ ಬರತೊಡಗಿತು. ಸುಳ್ಳಲ್ಲ, ನಿಜವಾಗಿ ಬರುತ್ತಿತ್ತು. ಸೊಂಟ ಹಿಡಿಯುತ್ತಿತ್ತು, ಹೊಟ್ಟೆ ಕಲ್ಲಾಗುತ್ತಿತ್ತು. ಡೆಲ್ಮರ್ ಗಾಬರಿಯಿಂದ ಕಾರು ಓಡಿಸುವನು. ನದಿಯವರೆಗೆ ಮೂರು ಗಂಟೆ, ಅಲ್ಲಿ ಕಾರುಗಳನ್ನು ಹೊತ್ತು ದಾಟಿಸುವ ಲಾಂಚು, ಆಚೆ ಮತ್ತೆ ಎರಡು ಗಂಟೆ. ಲಾರೆಲ್ ಕೊಳ್ಳದ ತಿರುವಿನಲ್ಲಿ ಕಲ್ಲಿದ್ದಲ ಹೊಗೆ ಮೂಗಿಗೆ ಬಿದ್ದ ಕೂಡಲೇ ಬೇನೆ ಮಾಯ. ಡ್ರೀಮಾ ಎದ್ದು ಕೂತು, "ಅಜ್ಜಿ, ಬೀನ್ಸ್ ಬೇಯ್ಸಿದ್ಯಾ?" ಎನ್ನುವಳು.

ಲಾಂಚು ನಡೆಸುವ ಆರ್ಲಿ ಲಾರೆಲ್ ಕೊಳ್ಳದವನೇ. ಗಣಿಯಲ್ಲಿ ಎರಡು ಬೆರಳು ಹೋದ ಮೇಲೆ ನೀರಿನ ಕೆಲಸ ಹಿಡಿದವನು. ಭಾನುವಾರ ಅವರು ಹಿಂದಿರುಗುವಾಗ ಡ್ರೀಮಾಳ ಹೊಟ್ಟೆ ನೋಡಿ ಹಲ್ಲು ಕಿರಿದ.

"ಏನ್ ತಂಗಿ, ಸರಕು ಇಳಿಸ್ದೆ ವಾಪಸ್ ತಂದ್ಬಿಟ್ಯಾ?"

"ನಿಂಗೇನಣ್ಣ? ಎರಡು ಸಲ ದಾಟ್ಸಿದ್ರೆ ಎರಡು ಸಲ ಕೂಲಿ."

"ಅಲ್ಲ, ಇಷ್ಟು ಒದ್ದಾಟ ಯಾಕೆ ಅಂತ. ಊರವರ್ಗೂ ಹೋಗೋದೇ ಬೇಡ. ಈ ನದಿ ಇದ್ಯಲ್ಲ, ಇದಷ್ಟೂ ನಮ್ದು. ನಡು ನೀರಿನವರ್ಗೆ ಅಲ್ಲ, ಆ ದಡದ ಕೆಸರಿನವರ್ಗೆ. ವರ್ಜೀನಿಯಾದವ್ರು ಬಹಳ ಹಿಂದೆ ಆಚೆ ನೆಲಾನೆಲ್ಲ ಸರ್ಕಾರಕ್ಕೆ ಬಿಟ್ಕೊಟ್ರು, ನದೀನ ಬಿಡ್ಲಿಲ್ಲ. ನಾವು ಪಾಲಾದಾಗ ನದಿ ನಮ್ ಪಾಲಿಗ್ ಬಂತು. ಹಗ್ಗ ಬಿಚ್ಚಿ ಒಂದು ಮೊಳ ನೀರಿಗ್ ಬಂದ್ರೆ ನೀನು ವೆಸ್ಟ್ ವರ್ಜೀನಿಯಾದಲ್ಲೇ ಇದ್ದೀಯ."

"ಲಾಂಚ್‌ನಲ್ಲಿ ಹೆರು ಅಂತೀಯಾ?"

"ಕೂಲಿ ತಗೊಳಲ್ಲ, ಹೋಗು."

ಡೆಲ್ಮರ್ ನಕ್ಕ. ಡ್ರೀಮಾ ನಗಲಿಲ್ಲ. ಆ ಮಾತನ್ನು ಒಳಗೆ ಮಡಿಸಿಟ್ಟುಕೊಂಡಳು.

ಒಹಾಯೊ ದಡದಲ್ಲಿ, ಲಾಂಚು ನಿಲ್ಲುವ ಜಾಗಕ್ಕೆ ತಾಗಿದಂತೆ, ಹಾಫ್ನರಮ್ಮನ ಮನೆ. ವಿಧವೆ. ಕಾರಿನ ಸಾಲಿನಲ್ಲಿ ಕಾಯುವವರಿಗೆ ಸೇಬು, ಸೇಬಿನ ಹಲ್ವದಂಥ ಒಂದು ಕಪ್ಪು ಮುರಬ್ಬ ಮಾರುವಳು. ಗುಡ್ಡದವರೆಂದರೆ ಅವಳಿಗೆ ತಾತ್ಸಾರ, ಗುಡ್ಡದವರ ದುಡ್ಡೆಂದರೆ ಇಲ್ಲ. ಮೂರನೆಯ ಶುಕ್ರವಾರ ಕಾರಿನ ಕಿಟಕಿಯೊಳಕ್ಕೆ ಬಗ್ಗಿ ಕೇಳಿದಳು:

"ಮತ್ತೆ ಹೊರಟ್ಯಾ? ಒಹಾಯೊದಲ್ಲಿ ಹುಟ್ಟಿದ್ರೆ ಮಗೂಗೆ ಕೋಡು ಮೂಡುತ್ತಾ?"

"ಕೋಡು ಮೂಡಿದ್ರೂ ಪರವಾಗಿಲ್ಲ ಹಾಫ್ನರಮ್ಮ. ನಿಮ್ ಹಾಗೆ ಸೇಬಲ್ಲಿ ಹುಳ ಇಲ್ಲ ಅಂತ ಆಣೆ ಇಡೋದು ಕಲಿತ್ರೆ ಕಷ್ಟ."

"ಬಾಯಿ ನೋಡು! ಆ ಗುಡ್ಡದಲ್ಲಿ ಬೇರೇನೂ ಬೆಳೆಯಲ್ವಾ?"

ಆ ಸಲವೂ ಸುಳ್ಳು ಬೇನೆಯೇ. ಕೊಳ್ಳದ ಅಂಗಡಿ ಕಟ್ಟೆಯಲ್ಲಿ ಕೂತ ಮುದುಕರು ಅವಳ ಕಾರು ಕಂಡರೆ ಟೋಪಿ ತೆಗೆದು ಹೊಟ್ಟೆಗೆ ನಮಸ್ಕರಿಸುವಂತಾಗಿತ್ತು. ಭಾನುವಾರ ಹೊರಡುವಾಗ ಐಸಿ ಅಜ್ಜಿ ಅವಳ ಹೊಟ್ಟೆಯ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ನಿಂತಳು. ವಾತ ಹಿಡಿದು ಆ ಬೆರಳುಗಳು ಬೇರಿನಂತೆ ತಿರುಚಿಕೊಂಡಿದ್ದವು.

"ಇಲ್ಲೇ ಇದ್ಬಿಡು," ಎಂದಳು.

"ಡೆಲ್ಮರ್ ಒಬ್ನೇ..." ಎಂದು ಡ್ರೀಮಾ ತಡವರಿಸಿದಳು. ಊರಿನಲ್ಲಿದ್ದರೆ ಅವನ ಊಟದ ಚಿಂತೆ, ಅವನ ಹತ್ತಿರವಿದ್ದರೆ ಊರಿನ ಚಿಂತೆ. ಎರಡನ್ನೂ ಬಿಡಲಾರದೆ ಎರಡು ದಡದ ನಡುವೆ ಓಡಾಡುವುದೇ ಅವಳಿಗೆ ಅಭ್ಯಾಸವಾಗಿಹೋಗಿತ್ತು.

"ಸರಿ. ಮುಂದಿನ ವಾರ ನಾನು ಮನೇಲಿ ಕಾಯಲ್ಲ. ನದಿ ಹತ್ರ ಬಂದು ನಿಂತಿರ್ತೀನಿ. ಅದಕ್ಕಿಂತ ಆಚೆ ಬಾ ಅನ್ಬೇಡ."

ನವೆಂಬರಿನ ಆ ವಾರವೆಲ್ಲ ಮಳೆ. ಶುಕ್ರವಾರ ಬೇನೆ ಬರಲಿಲ್ಲ. ಅದಕ್ಕೇ ಡ್ರೀಮಾಳಿಗೆ ಹೆದರಿಕೆಯಾಯಿತು. ಮಗು ಅಲುಗುತ್ತಿದೆಯೋ ಇಲ್ಲವೋ ಎಂದು ಗಳಿಗೆಗೊಮ್ಮೆ ಹೊಟ್ಟೆ ಒತ್ತಿ ನೋಡಿಕೊಂಡಳು. ಅಲುಗಿದರೆ ಯಾಕಿಷ್ಟು ಅಲುಗುತ್ತಿದೆ ಎಂದು, ಸುಮ್ಮನಿದ್ದರೆ ಯಾಕೆ ಸುಮ್ಮನಿದೆ ಎಂದು. ಡೆಲ್ಮರ್ ಬೆಳಗಿನ ಪಾಳಿ ಮುಗಿಸಿ, ಗಣಿಗೆ ಒಯ್ಯುತ್ತಿದ್ದ ಅದೇ ದುಂಡನೆಯ ಅಲ್ಯೂಮಿನಿಯಂ ಬುತ್ತಿಡಬ್ಬಿ ಹಿಡಿದು ಬಂದವನು, ಅವಳು ಕಾರಿನಲ್ಲಿ ಕೂತಾಗಿರುವುದನ್ನು ನೋಡಿ, ಡಬ್ಬಿಯನ್ನು ಹಿಂದಿನ ಸೀಟಿಗೆ ಎಸೆದು ಕಾರು ತಿರುಗಿಸಿದ.

ನದಿಯ ಹತ್ತಿರ ಬರುವಾಗ ಸಂಜೆಯಾಗುತ್ತಿತ್ತು. ಕಾರುಗಳ ಸಾಲು ನಿಂತುಹೋಗಿತ್ತು. ನೀರು ಏರಿ ಕಂದು ಬಣ್ಣಕ್ಕೆ ತಿರುಗಿದೆ, ಬುಡಮೇಲಾದ ಮರದ ದಿಮ್ಮಿಗಳು ತೇಲಿ ಬರುತ್ತಿವೆ, ಕಾರು ಹೊತ್ತು ದಾಟುವುದು ಬೇಡವೆಂದು ಆರ್ಲಿ ಮಧ್ಯಾಹ್ನವೇ ಲಾಂಚನ್ನು ಆಚೆ ದಡಕ್ಕೆ ಕಟ್ಟಿದ್ದಾನೆ. ಸಾಲಿನಲ್ಲಿದ್ದವರು ಈ ಸುದ್ದಿ ಹೇಳುತ್ತಿರುವಾಗಲೇ ಡ್ರೀಮಾಳಿಗೆ ಒಳಗೇನೋ ಟಪ್ ಎಂದಂತಾಗಿ ಸೀಟು ಒದ್ದೆಯಾಯಿತು.

"ಡೆಲ್ಮರ್."

"ಈಗ್ಲೂ ಸುಳ್ಳು ಬೇನೇನಾ?"

"ನೀರೊಡೀತು."

ಆಸ್ಪತ್ರೆಯಿರುವ ಹತ್ತಿರದ ಊರೂ ಬಂದ ದಾರಿಯಲ್ಲೇ ಒಂದು ಗಂಟೆ ಹಿಂದೆ. ಹಿಂದೆ ಮುಂದೆ ಕಾರು, ತಿರುಗಿಸಲು ಜಾಗವಿಲ್ಲ. ಅವನು ಇಳಿದು ಒಬ್ಬೊಬ್ಬರ ಕಿಟಕಿ ಬಡಿಯತೊಡಗಿದ. ಅಷ್ಟರಲ್ಲಿ ಹಾಫ್ನರಮ್ಮ ಸೇಬಿನ ಬುಟ್ಟಿ ಕೆಳಗಿಟ್ಟು ಬಂದಳು. ಒಂದು ನೋಟಕ್ಕೇ ಅವಳಿಗೆ ತಿಳಿಯಿತು.

"ಬಾ, ನಮ್ಮನೆಗೆ. ಹಾಸಿಗೆ ಇದೆ, ಒಲೆ ಉರೀತಿದೆ. ಬಿಸಿನೀರಿದೆ."

"ಬೇಡ," ಎಂದಳು ಡ್ರೀಮಾ.

"ಏನ್ ಬೇಡ? ರಸ್ತೇಲಿ ಹೆರ್ತೀಯಾ?"

"ನಿಮ್ ಹಾಸಿಗೆ ಮೇಲೆ ಹೆರಲ್ಲ."

"ಡ್ರೀಮಾ, ದಮ್ಮಯ್ಯ," ಎಂದ ಡೆಲ್ಮರ್. "ನಿನ್ ಕಾಲಿಗ್ ಬೀಳ್ತೀನಿ. ಒಳಗ್ ಹೋಗು."

ಅವಳು ಬಾಗಿಲಿನ ಹಿಡಿ ಬಿಡಲಿಲ್ಲ. ನೋವು ಬಂದಾಗ ಕಣ್ಣು ಮುಚ್ಚುವಳು, ಹೋದಾಗ ತೆರೆದು ನದಿಯ ಆಚೆ ನೋಡುವಳು. ಹಾಗೆ ನೋಡುತ್ತಿದ್ದಾಗಲೇ ಆಚೆ ದಡದಲ್ಲಿ ಲಾಂಚಿನ ದೀಪ ಅಲುಗಿತು. ದಿಮ್ಮಿಗಳನ್ನು ತಪ್ಪಿಸುತ್ತ, ಓರೆಯಾಗಿ, ಖಾಲಿ ಲಾಂಚು ಹೊರಟು ಬಂತು. ಅದರ ಮುಂಭಾಗದಲ್ಲಿ ಗಂಡಸರ ಕೋಟು ತೊಟ್ಟು, ಕಂಬಿ ಹಿಡಿದು ನಿಂತಿದ್ದಳು ಐಸಿ ಅಜ್ಜಿ.

ಲಾಂಚು ಒಹಾಯೊ ದಡಕ್ಕೆ ತಾಗಿತು. ಆರ್ಲಿ ಹಗ್ಗವನ್ನು ಹಾಫ್ನರಮ್ಮನ ಮನೆಯ ಮುಂದಿನ ಮರಕ್ಕೆ ಸುತ್ತಿ, ಹಲಗೆ ಇಳಿಸಿದ.

"ನಾನಾಗಿ ಬರ್ಲಿಲ್ಲಪ್ಪ," ಎಂದು ಅವನು ಡೆಲ್ಮರನಿಗೆ ಉಸುರಿದ. "'ನಿನ್ ಹೊಕ್ಕುಳ ಕತ್ತರಿಸಿದ್ದು ಯಾರೋ' ಅಂತ ಕೇಳಿದ್ರು. ಏನ್ ಹೇಳ್ಲಿ?"

"ಅಜ್ಜಿ, ಇಳಿದ್ ಬಾ!" ಎಂದು ಡೆಲ್ಮರ್ ಕೂಗಿದ. "ಇಲ್ಲೇ ಮನೆ ಇದೆ. ಬಾ ಬೇಗ!"

ಅಜ್ಜಿ ಹಲಗೆಯ ತುದಿಯವರೆಗೆ ಬಂದಳು. ಮುಂದೆ ಕೆಸರು, ಕೆಸರಿನಾಚೆ ಹುಲ್ಲು. ನಿಂತಳು.

"ನಾನ್ ಇಳಿಯಲ್ಲ. ಅವಳ್ನ ಹತ್ತಿಸು. ಲಾಂಚು ನೀರಿನ ಮೇಲಿದೆ, ನೀರು ನಮ್ದು."

"ನಿಮ್ಮಿಬ್ರ ಹಟಕ್ಕೆ ಬೆಂಕಿ ಹಾಕ!" ಎಂದು ಡೆಲ್ಮರ್ ಕಿರುಚಿದ. ಅವನು ಆ ಧ್ವನಿಯಲ್ಲಿ ಮಾತಾಡಿದ್ದನ್ನು ಡ್ರೀಮಾ ಎಂದೂ ಕೇಳಿರಲಿಲ್ಲ. ಆದರೂ ಅವಳು ಕಾರಿನಿಂದ ಇಳಿದು, ಅವನ ತೋಳು ಹಿಡಿದು ನಡೆದದ್ದು ಹಲಗೆಯ ಕಡೆಗೇ. ಹಾಫ್ನರಮ್ಮ ಹಿಂದೆ ನಿಂತು, "ಹುಚ್ಚು ಜನ, ಹುಚ್ಚು ಜನ," ಎನ್ನುತ್ತ ತನ್ನ ಮೈಮೇಲಿನ ಉಣ್ಣೆಯ ಶಾಲು ತೆಗೆದು ಅವಳ ಹೆಗಲಿಗೆಸೆದಳು.

ಲಾಂಚಿನ ಕಬ್ಬಿಣದ ಹಾಸಿನ ಮೇಲೆ ಡೆಲ್ಮರನ ಕೋಟು, ಅಜ್ಜಿಯ ಕೋಟು, ಆ ಶಾಲು. ಮಳೆ ನಿಂತಿತ್ತು, ಗಾಳಿ ನಿಂತಿರಲಿಲ್ಲ. ಕೆಳಗಿನಿಂದ ನದಿಯ ಥಂಡಿ ಕಬ್ಬಿಣದ ಮೂಲಕ ಬೆನ್ನಿಗೆ ಹತ್ತುತ್ತಿತ್ತು. ಡ್ರೀಮಾಳಿಗೆ ಆಮೇಲೆ ನೆನಪಿದ್ದದ್ದು ಆ ಥಂಡಿ, ಇಂಜಿನ್ನಿನ ದಡಬಡ, ಮತ್ತು ಅಜ್ಜಿಯ "ಇನ್ನೊಂದು ಸಲ ಮಗಾ, ಇನ್ನೊಂದೇ ಸಲ" ಎಂಬ ಸುಳ್ಳು. ಎಷ್ಟೋ ಇನ್ನೊಂದು ಸಲಗಳಾದ ಮೇಲೆ ಮಗು ಜಾರಿ ಬಂತು. ಹೆಣ್ಣು.

ಅಳಲಿಲ್ಲ.

ಕೊರಳಿಗೆ ಬಳ್ಳಿ ಸುತ್ತಿತ್ತು. ಅಜ್ಜಿ ಬಿಡಿಸಲು ಹೋದಳು, ಆ ತಿರುಚಿದ ಬೆರಳುಗಳು ಚಳಿಗೆ ಬಗ್ಗಲೇ ಇಲ್ಲ. ಹಲ್ಲಿನಿಂದ ಬೆರಳು ಕಚ್ಚಿ ಬಗ್ಗಿಸಿ, ಬಳ್ಳಿ ಸಡಿಲಿಸಿ, ಕಟ್ಟಿ, ಕತ್ತರಿಸಿದಳು. ಮಗುವಿನ ಬೆನ್ನು ಉಜ್ಜಿದಳು. ತಲೆಕೆಳಗೆ ಹಿಡಿದಳು. ಅದು ನೀಲಿ ಬಟ್ಟೆಯ ಹಾಗೆ ಜೋತುಬಿತ್ತು.

"ಯಾಕೆ ಅಳ್ತಿಲ್ಲ?" ಎಂದಳು ಡ್ರೀಮಾ. "ಅಜ್ಜಿ, ಯಾಕೆ ಅಳ್ತಿಲ್ಲ?"

ಅಜ್ಜಿ ಒಂದು ಕ್ಷಣ ಕತ್ತೆತ್ತಿ, ಮರದಾಚೆ ಹಾಫ್ನರಮ್ಮನ ಅಡಿಗೆಮನೆಯ ಕಿಟಕಿಯ ಹಳದಿ ಬೆಳಕನ್ನು ನೋಡಿದಳು. ಮಗುವನ್ನು ರವಿಕೆಯೊಳಗೆ ಎದೆಗೆ ಒತ್ತಿಕೊಂಡಳು. ಹಲಗೆ ಇಳಿದು ಓಡಿದಳು. ಎಪ್ಪತ್ತು ದಾಟಿದ ಹೆಂಗಸು, ಬರಿಯ ರವಿಕೆಯಲ್ಲಿ, ಕೆಸರಿನಲ್ಲಿ ಒಂದು ಶೂ ಬಿಟ್ಟು ಓಡಿದಳು. ಹಾಫ್ನರಮ್ಮ ಅವಳಿಗಿಂತ ಮುಂದೆ ಓಡಿ ಬಾಗಿಲು ತೆರೆದಳು.

ಡ್ರೀಮಾ ಏಳಲು ಹೋದಳು. ಡೆಲ್ಮರ್ ಅವಳ ಹೆಗಲು ಹಿಡಿದು ಅದುಮಿದ. ಆರ್ಲಿ ಯಾರೂ ಹೇಳದೆಯೇ ಇಂಜಿನ್ನು ಆರಿಸಿದ. ಸಾಲಿನಲ್ಲಿದ್ದ ಕಾರುಗಳವರೂ ಒಬ್ಬೊಬ್ಬರಾಗಿ ಆರಿಸಿದರು. ನದಿ ಮಾತ್ರ ಸದ್ದು ಮಾಡುತ್ತಿತ್ತು. ಡ್ರೀಮಾ ಆ ಹೊತ್ತಿನಲ್ಲಿ ಯಾರನ್ನು ಏನು ಬೇಡಿಕೊಂಡಳೋ, ಒಂದು ಮಾತು ಮಾತ್ರ ಅವಳಿಗೆ ಚೆನ್ನಾಗಿ ನೆನಪಿದೆ: ಹಾಸಿಗೆ ಇದೆ ಅಂದರಲ್ಲ, ಒಲೆ ಉರೀತಿದೆ ಅಂದರಲ್ಲ.

ಆಮೇಲೆ ಕೇಳಿಸಿತು. ಬೆಕ್ಕಿನ ಮರಿಯಂಥ ಒಂದು ಸಣ್ಣ ಕಿರುಚು. ನಿಂತುಹೋಯಿತು. ಮತ್ತೆ ಬಂತು, ಈ ಸಲ ಸಿಟ್ಟಿನಿಂದ. ಬಲಗಡೆಯಿಂದ, ಮರದಾಚೆಯಿಂದ, ಒಹಾಯೊದಿಂದ.

ಡೆಲ್ಮರ್ ಅವಳನ್ನು ಎತ್ತಿಕೊಂಡೇ ಹೋದ. ಅಡಿಗೆಮನೆಯಲ್ಲಿ ಕಲ್ಲಿದ್ದಲು ಒಲೆಯ ಬಾಗಿಲು ಪೂರ್ತಿ ತೆರೆದಿತ್ತು. ಅದರ ಮುಂದೆ, ಬಾತುಕೋಳಿ ಸುಡುವ ದೊಡ್ಡ ತಟ್ಟೆಯಲ್ಲಿ, ಬಿಸಿ ಮಾಡಿದ ಟವೆಲ್ಲುಗಳ ನಡುವೆ ಮಗು ಕೆಂಪಗೆ ಒದ್ದಾಡುತ್ತಿತ್ತು. ಐಸಿ ಅಜ್ಜಿ ನೆಲದ ಮೇಲೆ ಕೂತಿದ್ದಳು. ಉಸಿರು ಊದಿ ಊದಿ ಅವಳ ತುಟಿಯೇ ಬಿಳಿಚಿತ್ತು. ಒಂದು ಕಾಲಲ್ಲಿ ಶೂ, ಇನ್ನೊಂದರಲ್ಲಿ ಕೆಸರು.

"ನೆಲ ಒರೆಸಿದ್ದೆ ಈಗಷ್ಟೇ," ಎಂದಳು ಹಾಫ್ನರಮ್ಮ. ಕಣ್ಣೊರೆಸಿಕೊಳ್ಳುತ್ತಿದ್ದಳು.

"ಒರೆಸಿದ್ ಹಾಗೆ ಕಾಣ್ಲಿಲ್ಲ," ಎಂದಳು ಐಸಿ ಅಜ್ಜಿ.

ನೀರು ಇಳಿಯುವವರೆಗೆ, ಭಾನುವಾರದವರೆಗೆ, ಅವರೆಲ್ಲ ಆ ಮನೆಯಲ್ಲಿದ್ದರು. ಡ್ರೀಮಾ ಯಾವ ಹಾಸಿಗೆಯ ಮೇಲೆ ಹೆರಲ್ಲ ಎಂದಿದ್ದಳೋ ಅದೇ ಹಾಸಿಗೆಯ ಮೇಲೆ ಮಲಗಿದಳು. ಇಬ್ಬರು ಮುದುಕಿಯರೂ ಒಲೆಗೆ ಇದ್ದಲು ಹಾಕುವ ಸರದಿಗೆ ಜಗಳವಾಡಿದರು, ಮುರಬ್ಬಕ್ಕೆ ಲವಂಗ ಹಾಕಬೇಕೋ ಬೇಡವೋ ಎಂದು ಜಗಳವಾಡಿದರು. ಇದ್ದಲು ನೋಡಿ ಐಸಿ ಅಜ್ಜಿ, "ಇದು ನಮ್ ಕಡೇದು," ಎಂದಳು. "ದುಡ್ಡು ನಮ್ ಕಡೇದು," ಎಂದಳು ಹಾಫ್ನರಮ್ಮ.

ಮಾಸನ್ನು ಅಜ್ಜಿ ಡೆಲ್ಮರನ ಬುತ್ತಿಡಬ್ಬಿಯಲ್ಲಿಟ್ಟು ಮುಚ್ಚಿದ್ದಳು. ಮರುದಿನ ಬೆಳಿಗ್ಗೆ ಆರ್ಲಿ ಅವನನ್ನು ಮಾತ್ರ ದಾಟಿಸಿದ. ಲಾರೆಲ್ ಕೊಳ್ಳದ ಇಳುಕಲಿನಲ್ಲಿ, ಓಕಿಯ ಕಲ್ಲಿನ ಪಕ್ಕ, ಡ್ರೀಮಾಳ ಕಲ್ಲಿನ ಪಕ್ಕ, ಡೆಲ್ಮರ್ ಒಂದು ಹೊಸ ಕಲ್ಲು ಇಟ್ಟು ಬಂದ. ಆಮೇಲೆ ಆ ಡಬ್ಬಿಯಲ್ಲಿ ಊಟ ಒಯ್ಯಲು ಅವನು ಖಂಡಿತ ಒಪ್ಪಲಿಲ್ಲ. ಡ್ರೀಮಾ ಹೊಸ ಡಬ್ಬಿ ಕೊಡಿಸಿ, ಹಳೆಯದನ್ನು ತಿಕ್ಕಿ ತೊಳೆದು ಟ್ರಂಕಿನಲ್ಲಿಟ್ಟಳು.

ಕೊಳ್ಳದ ಅಂಗಡಿ ಕಟ್ಟೆಯಲ್ಲಿ ಮುದುಕರು ಬಿಡಲಿಲ್ಲ.

"ಐಸಮ್ಮ, ಕೂಸು ಹುಟ್ಟಿದ್ದೆಲ್ಲಿ?"

"ಲಾಂಚಲ್ಲಿ. ನೀರು ನಮ್ದು."

"ಅತ್ತಿದ್ದು?"

"ನನ್ ಕೈಲಿ."

ಅದಕ್ಕಿಂತ ಹೆಚ್ಚಿನ ಉತ್ತರ ಅವಳಿಂದ ಯಾರಿಗೂ ಸಿಗಲಿಲ್ಲ. ಮಗುವಿಗೆ ಮೂರು ತುಂಬಿದ ಚಳಿಗಾಲ ಅವಳು ತೀರಿಕೊಂಡಳು. ಹಾಫ್ನರಮ್ಮ ಕಪ್ಪು ಟೋಪಿ ಹಾಕಿಕೊಂಡು, ಮುರಬ್ಬದ ಒಂದು ಭರಣಿ ಹಿಡಿದು, ಮೊದಲ ಸಲ ಲಾಂಚು ಹತ್ತಿ ಈಚೆ ಬಂದಳು.

ಮಗಳ ಹೆಸರು ರೊವೀನಾ. ಡ್ರೀಮಾಳ ಚಡಪಡಿಕೆ ಅವಳು ಹುಟ್ಟಿದ ಮೇಲೆ ಹೆಚ್ಚಿತೇ ಹೊರತು ಇಳಿಯಲಿಲ್ಲ. ಮಲಗಿದ ಮಗುವಿನ ಮೂಗಿಗೆ ಬೆರಳಿಡದೆ ಅವಳು ನಿದ್ದೆ ಮಾಡಿದ ದಿನವಿಲ್ಲ. ಅತ್ತರೆ ಉಳಿದ ತಾಯಂದಿರು ಸುಮ್ಮನಾಗಿಸುತ್ತಾರೆ, ಇವಳು ಒಂದು ಗಳಿಗೆ ಕೇಳಿಸಿಕೊಂಡು ನಿಲ್ಲುವಳು. ಪ್ರತಿ ಶುಕ್ರವಾರದ ಓಡಾಟವೂ ನಿಲ್ಲಲಿಲ್ಲ. ಗಣಿಯಲ್ಲಿ ಮತ್ತೆ ಜನ ತೆಗೆದುಕೊಳ್ಳುತ್ತಾರಂತೆ ಎಂಬ ಸುದ್ದಿ ವರ್ಷಕ್ಕೊಮ್ಮೆ ಬರುತ್ತಿತ್ತು, ಹೋಗುತ್ತಿತ್ತು. ಟ್ರಂಕು ಹಾಗೇ ಇತ್ತು.

ರೊವೀನಾಳಿಗೆ ಏಳು ತುಂಬಿದ ವರ್ಷ ಆಕ್ರನ್ನಿನ ಶಾಲೆಯಲ್ಲಿ ಎಲ್ಲರೂ ಹುಟ್ಟಿದ ಊರು ಹೇಳಬೇಕಾಗಿ ಬಂತು. ಗುಡ್ಡದವಳು ಎಂದು ಕೆಲವರು ನಕ್ಕರು. ಊರಿಗೆ ಹೋದಾಗ ಅಲ್ಲಿನ ಮಕ್ಕಳು ಒಹಾಯೊದವಳು ಎಂದು ನಗುವುದು ಇದ್ದೇ ಇತ್ತು. ಆ ಶುಕ್ರವಾರ ಲಾಂಚಿನ ಕಂಬಿ ಹಿಡಿದು ನಿಂತು ಅವಳು ಕೇಳಿದಳು:

"ಅಮ್ಮಾ, ನಿಜ ಹೇಳು. ನಾನ್ ಹುಟ್ಟಿದ್ದೆಲ್ಲಿ?"

ಡ್ರೀಮಾ ಕಬ್ಬಿಣದ ಹಾಸಿನ ಒಂದು ಜಾಗವನ್ನು ಕಾಲಿನಿಂದ ತೋರಿಸಿದಳು. "ಇಲ್ಲಿ."

"ಇಲ್ಲೇ ಅತ್ನಾ?"

ಲಾಂಚು ಇನ್ನೂ ಒಹಾಯೊ ದಡಕ್ಕೆ ಕಟ್ಟಿಕೊಂಡಿತ್ತು. ಹಾಫ್ನರಮ್ಮ ಬಾಗಿಲಲ್ಲಿ ನಿಂತು, ಹುಳವಿಲ್ಲದ ಸೇಬೆಂದು ಯಾರಿಗೋ ಆಣೆ ಇಡುತ್ತಿದ್ದಳು. ಡ್ರೀಮಾಳ ಬಾಯಿಗೆ ಬಂದದ್ದು ಅಜ್ಜಿ ಹೇಳುತ್ತಿದ್ದ 'ನನ್ ಕೈಲಿ' ಎಂಬ ಮಾತು. ಅದನ್ನು ನುಂಗಿ, ಗಲ್ಲದಿಂದ ಆ ಅಡಿಗೆಮನೆಯ ಕಿಟಕಿಯನ್ನು ತೋರಿಸಿದಳು.

"ಅಲ್ಲಿ."

ಹುಡುಗಿ ಕಿಟಕಿಯನ್ನು ನೋಡಿದಳು. ಹಾಸನ್ನು ನೋಡಿದಳು. ನಡುವಿನ ಹಲಗೆ, ಕೆಸರು, ಹುಲ್ಲು, ಮರ, ಎಲ್ಲವನ್ನೂ ಅಳೆಯುವವಳಂತೆ ನೋಡಿದಳು.

"ಹಂಗಾದ್ರೆ ಮಧ್ಯದಲ್ಲಿ ಎಲ್ಲಿದ್ದೆ?"

ಆರ್ಲಿ ಹಗ್ಗ ಬಿಚ್ಚುತ್ತಿದ್ದವನು ಕೈ ನಿಲ್ಲಿಸಿದ. ಡೆಲ್ಮರ್ ಕಾರಿನೊಳಗೆ ತಲೆ ತಗ್ಗಿಸಿದ. ಡ್ರೀಮಾ ಏಳು ವರ್ಷದಿಂದ, ರಾತ್ರಿ ಮೂಗಿಗೆ ಬೆರಳಿಟ್ಟಾಗಲೆಲ್ಲ, ತನ್ನನ್ನು ತಾನು ಕೇಳಿಕೊಳ್ಳುತ್ತಿದ್ದದ್ದು ಅದನ್ನೇ.

"ಐಸಿ ಅಜ್ಜಿ ರವಿಕೆ ಒಳಗೆ," ಎಂದಳು.

"ಅಷ್ಟೇನಾ?"

"ಅಷ್ಟೇ. ಅಜ್ಜಿ ಓಡ್ತಿದ್ಲು. ಒಂದು ಶೂ ಬಿದ್ದೋಯ್ತು. ನಿನ್ನ ಬಿಡ್ಲಿಲ್ಲ."

ರೊವೀನಾ ನಕ್ಕಳು, ಶೂ ಬಿದ್ದ ಮಾತಿಗೆ. ಲಾಂಚು ಅಲುಗಿ, ಕೆಸರಿನಿಂದ ಬಿಡಿಸಿಕೊಂಡು ನೀರಿಗೆ ಬಂತು. ಹುಡುಗಿ ಕಂಬಿಯ ಇನ್ನೊಂದು ಬದಿಗೆ ಓಡಲು ಹೊರಟಳು. ಡ್ರೀಮಾ ಅವಳ ಮಣಿಕಟ್ಟು ಹಿಡಿದಳು. ನಾಡಿ ಬೆರಳಿಗೆ ಸಿಕ್ಕಿತು.

"ಅಮ್ಮಾ, ಬಿಡು, ನೋಯುತ್ತೆ."

"ಇರು. ದಡ ಮುಟ್ಲಿ," ಎಂದಳು ಡ್ರೀಮಾ. ದಡ ಮುಟ್ಟಿದ ಮೇಲೂ ಬಿಡಲಿಲ್ಲ.